ಮನೆ ಬಿಟ್ಟ ಮೇಲೆ ಡೆಪಾಸಿಟ್ ವಾಪಸ್ ಬರದಿದ್ದರೆ? ಕ್ಯಾಲಿಫೋರ್ನಿಯಾದ ನನ್ನ ಅನುಭವ

ಬೆಂಗಳೂರಿನಲ್ಲಿ ಬಾಡಿಗೆಗಿದ್ದವರಿಗೆ ಗೊತ್ತು, ಮನೆ ಬಿಡುವಾಗ ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆ 'ಪೇಂಟಿಂಗ್' ಹೆಸರಿನಲ್ಲಿ ಹೋಗುತ್ತದೆ. ನಾವು ಸುಮ್ಮನಿರುತ್ತೇವೆ. ಅದೇ ಅಭ್ಯಾಸದಲ್ಲಿ ಇಲ್ಲಿ ಸನ್ನಿವೇಲ್‌ನಲ್ಲೂ 1,900 ಡಾಲರ್ ಬಿಟ್ಟುಕೊಡುವುದರಲ್ಲಿದ್ದೆ.

ನಾಲ್ಕು ವರ್ಷ ಇದ್ದ ಮನೆ ಖಾಲಿ ಮಾಡಿ 34ನೇ ದಿನಕ್ಕೆ ಓನರ್‌ನಿಂದ ಚೆಕ್ ಬಂತು. 3,200 ಡಾಲರ್ ಡೆಪಾಸಿಟ್‌ನಲ್ಲಿ ಬಂದದ್ದು 1,300. ಉಳಿದದ್ದು 'ಕಾರ್ಪೆಟ್, ಪೇಂಟ್' ಅಂತೆ. ರಸೀದಿ ಇಲ್ಲ.

"ಹೋಗ್ಲಿ ಬಿಡಿ, ವೀಸಾದಲ್ಲಿರೋರು ನಾವು, ಕೋರ್ಟು ಯಾಕೆ?" ಅಂದಳು ಹೆಂಡತಿ. ನನಗೂ ಅದೇ ಅಳುಕು. ಆದರೆ ಇದು ಸಿವಿಲ್ ವ್ಯಾಜ್ಯ, ಕ್ರಿಮಿನಲ್ ಕೇಸಲ್ಲ. ಅಲ್ಲದೆ ದೂರು ಕೊಡುವವನು ನಾನು.

ಕಾನೂನು ಏನು ಹೇಳುತ್ತದೆ?

ಕ್ಯಾಲಿಫೋರ್ನಿಯಾ ಸಿವಿಲ್ ಕೋಡ್ 1950.5ರ ಪ್ರಕಾರ, ಮನೆ ಬಿಟ್ಟ 21 ದಿನಗಳೊಳಗೆ ಓನರ್ ಡೆಪಾಸಿಟ್ ಹಿಂತಿರುಗಿಸಬೇಕು ಅಥವಾ ಹಿಡಿದುಕೊಂಡ ಹಣಕ್ಕೆ ಬಾಬ್ತುವಾರು ಲೆಕ್ಕ ಕೊಡಬೇಕು. ರಿಪೇರಿ, ಕ್ಲೀನಿಂಗ್ ಸೇರಿ 125 ಡಾಲರ್ ದಾಟಿದರೆ ರಸೀದಿಯೂ ಬೇಕು. ದಿನನಿತ್ಯದ ಬಳಕೆಯ ಸವೆತಕ್ಕೆ ದುಡ್ಡು ಹಿಡಿಯುವಂತಿಲ್ಲ. ಕಡಿತ ನ್ಯಾಯವಾದದ್ದು ಎಂದು ತೋರಿಸುವ ಹೊಣೆ ಓನರ್‌ನದೇ. ದುರುದ್ದೇಶದಿಂದ ಹಿಡಿದದ್ದು ಸಾಬೀತಾದರೆ, ಡೆಪಾಸಿಟ್‌ನ ಎರಡು ಪಟ್ಟಿನವರೆಗೆ ದಂಡವನ್ನೂ ಕೋರ್ಟ್ ಹಾಕಬಹುದು.

ನಾನು ಮಾಡಿದ್ದು

ಮೊದಲು ಈ ಕಲಮನ್ನು ಉಲ್ಲೇಖಿಸಿ, 14 ದಿನ ಗಡುವು ಕೊಟ್ಟು ಪತ್ರ ಬರೆದೆ. ಉತ್ತರ ಬರಲಿಲ್ಲ. ಆಮೇಲೆ ಸ್ಮಾಲ್ ಕ್ಲೇಮ್ಸ್ ಕೋರ್ಟ್‌ನಲ್ಲಿ ದಾವೆ ಹಾಕಿದೆ. ಇಲ್ಲಿ ವ್ಯಕ್ತಿಗಳು 12,500 ಡಾಲರ್‌ವರೆಗೆ ಕೇಳಬಹುದು. ಎರಡೂ ಕಡೆಯವರು ಲಾಯರ್ ಇಲ್ಲದೆ ತಾವೇ ವಾದ ಮಾಡಬೇಕು. ನನ್ನ ಮೊತ್ತಕ್ಕೆ ಶುಲ್ಕ 50 ಡಾಲರ್. ಓನರ್‌ಗೆ ಕೋರ್ಟ್ ಪೇಪರನ್ನು ನಾವೇ ಕೊಡುವಂತಿಲ್ಲ. ಸ್ನೇಹಿತರೊಬ್ಬರು ಹೋಗಿ ಕೊಟ್ಟು ಬಂದರು.

ವಿಚಾರಣೆ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಜಡ್ಜ್ ಕೇಳಿದ್ದು ಎರಡು ಪ್ರಶ್ನೆ: ಕಾರ್ಪೆಟ್ ಎಷ್ಟು ಹಳೆಯದು? ರಸೀದಿ ಎಲ್ಲಿ? ಕಾರ್ಪೆಟ್ ನಾನು ಬರುವ ಮೊದಲಿನದು ಎಂದು ಓನರ್ ಒಪ್ಪಿಕೊಂಡರು. ನಾನು ಮನೆಗೆ ಬಂದ ದಿನದ ಫೋಟೋಗಳು ಉಳಿದ ಕೆಲಸ ಮಾಡಿದವು. ಟಿವಿ ಕೂರಿಸಲು ಗೋಡೆಗೆ ಕೊರೆದ ತೂತುಗಳಿಗೆ 200 ಡಾಲರ್ ಕಳೆದು, 1,700 ಡಾಲರ್ ಮತ್ತು ಶುಲ್ಕ ಕೊಡುವಂತೆ ತೀರ್ಪು ಬಂತು. ದುರುದ್ದೇಶ ಸಾಬೀತಾಗದ ಕಾರಣ ದಂಡ ಸಿಗಲಿಲ್ಲ.

ನೀವು ಮಾಡಬೇಕಾದದ್ದು

- ಬಂದ ದಿನ, ಬಿಟ್ಟ ದಿನ ಪ್ರತಿ ಕೋಣೆಯ ಫೋಟೋ ತೆಗೆದು ಓನರ್‌ಗೆ ಇಮೇಲ್ ಮಾಡಿ.
- ಬಿಡುವ ಮುಂಚಿನ ಎರಡು ವಾರಗಳಲ್ಲಿ ತಪಾಸಣೆ ಕೇಳುವ ಹಕ್ಕು ನಿಮಗಿದೆ. ಅವರು ತೋರಿಸಿದ್ದನ್ನು ನೀವೇ ಕಡಿಮೆ ಖರ್ಚಿನಲ್ಲಿ ಸರಿ ಮಾಡಿಸಬಹುದು.
- ಹೊಸ ವಿಳಾಸ ಬರಹದಲ್ಲಿ ಕೊಡಿ.
- ದಾವೆ ಹಾಕಿದವರಿಗೆ ತಮ್ಮ ದಾವೆಯ ಮೇಲೆ ಅಪೀಲು ಇಲ್ಲ. ದಾಖಲೆಗಳನ್ನೆಲ್ಲ ಮೊದಲ ಸಲವೇ ಒಯ್ಯಿರಿ.

ತಿಂಗಳ ಎಸ್‌ಐಪಿ ಒಂದು ದಿನ ತಪ್ಪಿದರೆ ಚಡಪಡಿಸುವ ನಾವು ಡೆಪಾಸಿಟ್ಟನ್ನು ಮಾತ್ರ ಹೋದ ದುಡ್ಡು ಅಂದುಕೊಳ್ಳುತ್ತೇವೆ. ಅದು ಓನರ್ ಬಳಿ ಇಟ್ಟಿರುವ ನಿಮ್ಮದೇ ದುಡ್ಡು.