ನುರಿತ ಕೆಲಸಗಾರ ಏಕೆ ಬಿಟ್ಟುಹೋಗುತ್ತಾನೆ?

ಬೆಳಗಾವಿ–ಖಾನಾಪುರ ಮಾರ್ಗದಲ್ಲಿರುವ ಮಚ್ಛೆ, ದೇಸೂರ ಪರಿಸರದ ಸಣ್ಣ ಘಟಕಗಳ ಮಾಲೀಕರಲ್ಲಿ ಒಂದು ದೂರು ಸಾಮಾನ್ಯ. ಲೇತ್ ಮೇಲೆ ಕೈ ಪಳಗಿದೊಡನೆಯೇ ಹುಡುಗರು ದೊಡ್ಡ ಕಂಪನಿಗಳತ್ತ ಹೊರಡುತ್ತಾರೆ. ಹೆಚ್ಚಿನ ಸಂಬಳವೇ ಇದಕ್ಕೆ ಕಾರಣವೆಂದು ಹೇಳಿ ಚರ್ಚೆಯನ್ನು ಮುಗಿಸುವುದು ಸುಲಭ. ಆದರೆ ಬೆಳಗಾವಿಯಲ್ಲಿಯೇ ಮೊಳೆತ ಒಂದು ಬೃಹತ್ ಇಂಜಿನಿಯರಿಂಗ್ ಉದ್ಯಮದ ಇತಿಹಾಸವು ಬೇರೆಯದೇ ಸಂಗತಿಯನ್ನು ತೋರಿಸುತ್ತದೆ.

ಸವದತ್ತಿ ತಾಲ್ಲೂಕಿನ ಗುರ್ಲಹೊಸೂರಿನಲ್ಲಿ 1869ರಲ್ಲಿ ಜನಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಮೊದಲು ನೌಕರರೇ ಆಗಿದ್ದರು. ಮುಂಬಯಿಯ ವಿಕ್ಟೋರಿಯಾ ಜ್ಯುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಬೋಧಕರಾಗಿದ್ದ ಅವರಿಗೆ ಸಲ್ಲಬೇಕಾಗಿದ್ದ ಬಡ್ತಿಯು ಆಂಗ್ಲೋ-ಇಂಡಿಯನ್ ಒಬ್ಬರಿಗೆ ದೊರೆಯಿತು. ಅವರು ರಾಜೀನಾಮೆ ನೀಡಿ ಬೆಳಗಾವಿಗೆ ಬಂದರು. ಸಂಬಳ ಸಾಲದೆಂದು ಬಿಟ್ಟ ಕೆಲಸ ಅದಾಗಿರಲಿಲ್ಲ ಎಂಬುದನ್ನು ಗಮನಿಸಬೇಕು. 1888ರಲ್ಲಿ ಸೈಕಲ್ ಅಂಗಡಿಯಾಗಿ ಆರಂಭವಾಗಿದ್ದ ವ್ಯವಹಾರವು ಮೇವು ಕತ್ತರಿಸುವ ಯಂತ್ರ ಹಾಗೂ ಕಬ್ಬಿಣದ ನೇಗಿಲಿನ ತಯಾರಿಕೆಗೆ ಬೆಳೆಯಿತು. ನಗರದ ಹೊಸ ಬಡಾವಣೆಗಾಗಿ ಜಾಗ ತೆರವು ಮಾಡಬೇಕಾಗಿ ಬಂದಾಗ, ಔಂಧ್ ಸಂಸ್ಥಾನದ ರಾಜರ ನೆರವಿನಿಂದ 1910ರಲ್ಲಿ ಕಾರ್ಖಾನೆಯು ಈಗಿನ ಕಿರ್ಲೋಸ್ಕರವಾಡಿಗೆ ಸ್ಥಳಾಂತರಗೊಂಡಿತು. ದೇಸೂರ ನಿಲ್ದಾಣದ ಮೂಲಕ ಹಾಯುವ ರೈಲುಮಾರ್ಗವೇ ಮೀರಜ್ ದಾಟಿ ಪುಣೆಯತ್ತ ಸಾಗುವಾಗ ಆ ಊರನ್ನು ಮುಟ್ಟುತ್ತದೆ.

ಪಾಪಾಸುಕಳ್ಳಿ ಬೆಳೆದಿದ್ದ ಆ ಬರಡು ನೆಲಕ್ಕೆ ಕೆಲಸಗಾರರು ಸಂಸಾರಸಮೇತ ಹೋದರು. ಕಾರ್ಖಾನೆಯ ಜೊತೆಗೆ ಅವರ ವಸತಿಯೂ ಬೆಳೆಯಿತು. ಅದರ ಆಡಳಿತವನ್ನು ಲಕ್ಷ್ಮಣರಾಯರ ಅಣ್ಣ ರಾಮುಅಣ್ಣ ನೋಡಿಕೊಂಡರು. ಶಾಲೆಯನ್ನು ಅರ್ಧಕ್ಕೆ ಬಿಟ್ಟಿದ್ದ ಅನಂತರಾವ್ ಫಳಣೀಕರ್ ಅಲ್ಲಿ ಕುಶಲ ಇಂಜಿನಿಯರರಾದರು. ಗುಮಾಸ್ತೆಯಾಗಿದ್ದ ಮಂಗೇಶರಾವ್ ರೇಗೆ ಲೆಕ್ಕಪತ್ರದ ಮುಖ್ಯಸ್ಥರಾದರು. ದರೋಡೆಗಾಗಿ ಶಿಕ್ಷೆ ಅನುಭವಿಸಿದವರಿಗೂ ಕಾವಲಿನ ಹೊಣೆಯನ್ನು ಒಪ್ಪಿಸಲಾಯಿತು! ಇಂದು ಎಷ್ಟು ಮಾಲೀಕರು ಸ್ಟೋರ್‌ರೂಮಿನ ಬೀಗದ ಕೈಯನ್ನು ಹಳೆಯ ನೌಕರನಿಗಾದರೂ ಕೊಡುತ್ತಾರೆ?

ಸಂಬಳದಲ್ಲಿ ಸಣ್ಣ ಘಟಕವು ದೊಡ್ಡ ಕಂಪನಿಯನ್ನು ಸರಿಗಟ್ಟಲಾರದು, ನಿಜ. ಆದರೆ ಬೃಹತ್ ಕಾರ್ಖಾನೆಯಲ್ಲಿ ಸಾಮಾನ್ಯವಾಗಿ ಒಂದೇ ಯಂತ್ರ, ಒಂದೇ ಬಿಡಿಭಾಗಕ್ಕೆ ಕಟ್ಟುಬೀಳುವ ಕೆಲಸಗಾರನು ಸಣ್ಣ ಘಟಕದಲ್ಲಿ ಡ್ರಾಯಿಂಗ್ ಓದುವುದರಿಂದ ಹಿಡಿದು ಗಿರಾಕಿಯ ತಕರಾರು ಬಗೆಹರಿಸುವವರೆಗೆ ಎಲ್ಲವನ್ನೂ ಕಲಿಯುತ್ತಾನೆ. ಕಲಿತದ್ದಕ್ಕೆ ತಕ್ಕ ಹುದ್ದೆಯಾಗಲಿ, ಅದನ್ನು ತೋರಿಸುವ ಕಾಗದವಾಗಲಿ ಇಲ್ಲದಿದ್ದರೆ ಆ ಕಲಿಕೆಯು ಮತ್ತೊಬ್ಬ ಮಾಲೀಕನಿಗೆ ಲಾಭವಾಗುತ್ತದೆ. ಬ್ಯಾಂಕಿನಲ್ಲಿ ಸಾಲಕ್ಕೆ ಹೋದಾಗಲೂ, ಮದುವೆಯ ಮಾತುಕತೆಯಲ್ಲಿಯೂ ದೊಡ್ಡ ಕಂಪನಿಯ ನೇಮಕಾತಿ ಪತ್ರಕ್ಕೆ ಇರುವ ಬೆಲೆ ಎಲ್ಲರಿಗೂ ತಿಳಿದದ್ದೇ.

ಆ ಪತ್ರ ಇನ್ನು ಮಾಲೀಕರ ಔದಾರ್ಯದ ವಿಷಯವಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ, ಹತ್ತು ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಘಟಕಗಳು ಪ್ರತಿಯೊಬ್ಬರಿಗೂ ನೇಮಕಾತಿ ಪತ್ರ ನೀಡುವುದು ಕಡ್ಡಾಯ. ಹೆಚ್ಚುವರಿ ಅವಧಿಯ ದುಡಿಮೆಗೆ ಇಮ್ಮಡಿ ದರದ ವೇತನ ಸಲ್ಲಬೇಕು. ನಿಗದಿತ ಅವಧಿಗೆ ನೇಮಕಗೊಂಡವರು ಐದು ವರ್ಷ ಕಾಯದೆ, ಒಂದು ವರ್ಷದ ಸೇವೆಯ ನಂತರವೇ ಗ್ರಾಚ್ಯುಟಿಗೆ ಅರ್ಹರಾಗುತ್ತಾರೆ. ಕರಾರು ನೇಮಕವನ್ನೇ ಅವಲಂಬಿಸಿದ ಘಟಕಗಳು ಈ ಬಾಬನ್ನು ತಮ್ಮ ವೆಚ್ಚದ ಲೆಕ್ಕದಲ್ಲಿ ಸೇರಿಸಿಕೊಳ್ಳಬೇಕಾಗುತ್ತದೆ.