ನವಿಲು ಮತ್ತು ಟರ್ಕಿ ಕೋಳಿ ಸಾಕಣೆ: ಅರ್ಜಿದಾರರ ಗಮನಕ್ಕೆ

ಟರ್ಕಿ ಕೋಳಿಯಂತೆ ನವಿಲನ್ನೂ ಸಾಕಲು ಅನುಮತಿ ಕೋರಿ ಅರ್ಜಿ ಸಲ್ಲಿಸಬಯಸುವವರು ಕೆಳಕಂಡ ಅಂಶಗಳನ್ನು ಗಮನಿಸತಕ್ಕದ್ದು.

ಇವೆರಡೂ ಒಂದೇ ಕುಟುಂಬಕ್ಕೆ ಸೇರಿದ ಪಕ್ಷಿಗಳು. ಎರಡರ ಮೊಟ್ಟೆಗಳೂ ಸುಮಾರು 28 ದಿನಗಳ ಕಾವಿನಿಂದ ಮರಿಯಾಗುತ್ತವೆ. ಗಂಡು ಟರ್ಕಿ ಬಿಚ್ಚುವುದು ಬಾಲದ ಗರಿಗಳನ್ನೇ. ಗಂಡು ನವಿಲು ಬಿಚ್ಚುವುದು ಬಾಲದ ಮೇಲೆ ಬೆಳೆಯುವ ಹೊದಿಕೆ ಗರಿಗಳನ್ನು. ಇವು ಪ್ರತಿ ವರ್ಷ ಮಳೆಗಾಲದ ನಂತರ ತಾವಾಗಿಯೇ ಉದುರುತ್ತವೆ.

ಕಾನೂನಿನಲ್ಲಿ ಮಾತ್ರ ಇವೆರಡಕ್ಕೂ ಹೋಲಿಕೆಯಿಲ್ಲ. 1963ರಲ್ಲಿ ರಾಷ್ಟ್ರಪಕ್ಷಿಯೆಂದು ಘೋಷಿತವಾದ ನವಿಲು, ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ ಅನುಸೂಚಿ-1ರಲ್ಲಿ ಸೇರಿದೆ. ಇದನ್ನು ಮನೆ ಅಥವಾ ತೋಟಗಳಲ್ಲಿ ಖಾಸಗಿಯಾಗಿ ಸಾಕಲು ಅವಕಾಶವಿರುವುದಿಲ್ಲ. ಹೊಲದ ಬದುವಿನಲ್ಲಿ ದೊರೆತ ಮೊಟ್ಟೆಗಳನ್ನು ತಂದು ಮನೆಯ ಕೋಳಿಯನ್ನು ಕಾವಿಗೆ ಕೂರಿಸುವುದು, ಸದುದ್ದೇಶದಿಂದಲೇ ಆದರೂ, ಅಪರಾಧವಾಗುತ್ತದೆ. ಬೆಳೆ ಹಾನಿಯ ಕಾರಣಕ್ಕೂ ನವಿಲನ್ನು ಕೊಲ್ಲುವಂತಿಲ್ಲ. ಅನುಸೂಚಿ-1ರ ಪ್ರಾಣಿಗಳ ಬೇಟೆಗೆ, 2022ರ ತಿದ್ದುಪಡಿಯನ್ವಯ, 3ರಿಂದ 7 ವರ್ಷಗಳ ಕಾರಾವಾಸ ಹಾಗೂ ಕನಿಷ್ಠ ರೂ. 25,000 ದಂಡವಿದೆ. ಮೊಟ್ಟೆ, ಗೂಡುಗಳಿಗೆ ತೊಂದರೆ ಕೊಡುವುದೂ ಬೇಟೆಯ ವ್ಯಾಖ್ಯೆಯೊಳಗೇ ಬರುತ್ತದೆ. ಗಾಯಗೊಂಡ ನವಿಲು ಕೈಸೇರಿದಲ್ಲಿ 48 ಗಂಟೆಗಳೊಳಗಾಗಿ ಸಮೀಪದ ಪೊಲೀಸ್ ಠಾಣೆಗೆ ಅಥವಾ ಅಧಿಕೃತ ಅರಣ್ಯಾಧಿಕಾರಿಗೆ ವರದಿ ಮಾಡತಕ್ಕದ್ದು.

ಉತ್ತರ ಅಮೆರಿಕ ಮೂಲದ ಟರ್ಕಿ ಸಾಕುಪಕ್ಷಿಯಾದುದರಿಂದ ಅದಕ್ಕೆ ಸದರಿ ನಿರ್ಬಂಧಗಳು ಅನ್ವಯಿಸುವುದಿಲ್ಲ. ತಳಿ ಅಭಿವೃದ್ಧಿಗೆ ಸಾಮಾನ್ಯವಾಗಿ 5 ಹೆಣ್ಣಿಗೆ 1 ಗಂಡು ಸಾಕು. ಮೊದಲ ದಿನಗಳಲ್ಲಿ ಮರಿಗಳು ಆಹಾರವನ್ನು ತಾವಾಗಿ ಗುರುತಿಸಲಾರದೆ ಹಸಿವಿನಿಂದಲೇ ಸಾಯುವುದುಂಟು; ಆದ್ದರಿಂದ ಕೈಯಾರೆ ತಿನ್ನಿಸಿ ರೂಢಿ ಮಾಡಿಸಬೇಕು. ಟರ್ಕಿಗಳನ್ನು ನಾಟಿ ಕೋಳಿಗಳೊಂದಿಗೆ ಬಿಡಬಾರದು. ಆರೋಗ್ಯವಾಗಿ ಕಾಣುವ ಕೋಳಿಯ ಹಿಕ್ಕೆಯಿಂದಲೂ ಬ್ಲ್ಯಾಕ್‌ಹೆಡ್ ರೋಗ ಹರಡಿ ಟರ್ಕಿಗಳು ಸಾಯುತ್ತವೆ.