2.20 ಎಂದರೆ ಎಷ್ಟು ಹೊಲ?

ದೋರನಹಳ್ಳಿಯ ಒಂದು ಹೊಲದ ಪಹಣಿಯಲ್ಲಿ ವಿಸ್ತೀರ್ಣ 2.20 ಎಂದಿದೆ ಎನ್ನಿ. ಊರಿನ ರೈತರಿಗೆ ಅದು ಎರಡು ಎಕರೆ ಇಪ್ಪತ್ತು ಗುಂಟೆ, ಅಂದರೆ ಎರಡೂವರೆ ಎಕರೆ. ಆ ಚುಕ್ಕಿಯನ್ನು ದಶಮಾಂಶವೆಂದು ಓದುವ ಪ್ರೋಗ್ರಾಂ ಅಂಥ ಎರಡು ಹೊಲ ಕೂಡಿಸಿ 4.4 ಎಕರೆ ಎನ್ನುತ್ತದೆ. ನಿಜವಾದ ಉತ್ತರ ಐದು ಎಕರೆ. ಇಪ್ಪತ್ತನಾಲ್ಕು ಗುಂಟೆ ಲೆಕ್ಕದಿಂದಲೇ ಮಾಯ!

ಮೊದಲು ಎಲ್ಲವನ್ನೂ ಗುಂಟೆಗೆ ಇಳಿಸಿಕೊಂಡರೆ ಲೆಕ್ಕ ಸರಿಹೋಗುತ್ತದೆ. ಅದನ್ನು ಒಬ್ಬರು ಹೀಗೆ ಬರೆಯಬಹುದು:

ಕ = ಅ * 40 + ಬ

ಇನ್ನೊಬ್ಬರು ಹೀಗೆ:

ಎಕರೆಗೆ_ಗುಂಟೆ = 40
ಒಟ್ಟು_ಗುಂಟೆ = ಎಕರೆ * ಎಕರೆಗೆ_ಗುಂಟೆ + ಗುಂಟೆ

2008ರಲ್ಲಿ ಬಂದ ಪೈಥಾನ್ 3 ಭಾಷೆಯಲ್ಲಿ ಹೀಗೆ ಕನ್ನಡದಲ್ಲೇ ಹೆಸರಿಡಬಹುದು. ಯಂತ್ರಕ್ಕೆ ಎರಡೂ ಒಂದೇ, ಉತ್ತರವೂ ಒಂದೇ. ಆದರೆ ನಾಲ್ಕಾರು ವರ್ಷದ ಮೇಲೆ ಕೋಡ್ ತೆರೆಯುವವರಿಗೆ ಮೊದಲನೆಯದು ಒಗಟು. ಎರಡನೆಯದನ್ನು ಪ್ರೋಗ್ರಾಮಿಂಗ್ ಕಲಿಯದ ಗ್ರಾಮ ಆಡಳಿತ ಅಧಿಕಾರಿಗಳೂ ಓದಿ ತಪ್ಪಿದ್ದರೆ ಹೇಳಬಲ್ಲರು. ನನಗೆ ಇದೇ ದೊಡ್ಡ ಲಾಭವಾಗಿ ಕಾಣುತ್ತದೆ: ನೆಲ ಬಲ್ಲವರು ಕೋಡನ್ನು ಪರೀಕ್ಷಿಸುವಂತಾಗುವುದು.

ಪಕ್ಕದಲ್ಲಿ ಬರೆಯುವ ಟಿಪ್ಪಣಿ ‘40ರಿಂದ ಗುಣಿಸು’ ಎಂದರೆ ಏನೂ ಹೇಳಿದಂತಾಗಲಿಲ್ಲ. 33 ಅಡಿ ಉದ್ದ, 33 ಅಡಿ ಅಗಲದ ಚೌಕ ಒಂದು ಗುಂಟೆ, 1,089 ಚದರಡಿ. ಅಂಥ ನಲವತ್ತು ಸೇರಿದರೆ 43,560 ಚದರಡಿಯ ಎಕರೆ. ಟಿಪ್ಪಣಿಯಲ್ಲಿರಬೇಕಾದದ್ದು ಈ ಕಾರಣ. ಅಳತೆಯ ಮಾನ ಬಾಯಿಬಿಟ್ಟು ಹೇಳದೆ ಹೋದರೆ ಏನಾಗುತ್ತದೆಂದು 1999ರಲ್ಲಿ ನಾಸಾ ಕಂಡಿತು. ಒಂದು ತಂತ್ರಾಂಶ ಪೌಂಡ್ ಲೆಕ್ಕದಲ್ಲಿ ಕೊಟ್ಟ ಅಂಕಿಯನ್ನು ಇನ್ನೊಂದು ನ್ಯೂಟನ್ ಎಂದುಕೊಂಡಿತು. ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಎಂಬ ನೌಕೆ ಮಂಗಳ ಗ್ರಹದ ಬಳಿ ಕಳೆದುಹೋಯಿತು.

ಓದಲು ಬರುವ ಕೋಡ್ ಬೇಕಾಗುವುದು ಬದಲಾವಣೆಯ ದಿನ. 2000ದ ಆಸುಪಾಸಿನಲ್ಲಿ ಕರ್ನಾಟಕದ ‘ಭೂಮಿ’ ಯೋಜನೆ ಸುಮಾರು 67 ಲಕ್ಷ ರೈತರ ಎರಡು ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದಾಗ ದೋರನಹಳ್ಳಿ ಗುಲ್ಬರ್ಗ ಜಿಲ್ಲೆಯಲ್ಲಿತ್ತು. 2009ರ ಡಿಸೆಂಬರ್ ಕೊನೆಗೆ ಯಾದಗಿರಿ ಪ್ರತ್ಯೇಕ ಜಿಲ್ಲೆಯಾಯಿತು, ದೋರನಹಳ್ಳಿ ಅದಕ್ಕೆ ಸೇರಿತು. 2014ರ ನವೆಂಬರ್ 1ರಂದು ಗುಲ್ಬರ್ಗವೇ ಕಲಬುರಗಿ ಆಯಿತು. ಹೊಲ ಇದ್ದಲ್ಲೇ ಇದೆ, ವಿಳಾಸ ಮಾತ್ರ ಬದಲಾಗಿದೆ. ಇಂಥ ದಾಖಲೆಗಳಿಗೆ ಬರೆಯುವ ಪ್ರೋಗ್ರಾಂನಲ್ಲಿ ಜಿಲ್ಲೆಯ ಹೆಸರನ್ನು ನೂರು ಕಡೆ ನೇರವಾಗಿ ಬರೆದಿಟ್ಟರೆ ನೂರು ಕಡೆಯೂ ಹುಡುಕಿ ತಿದ್ದಬೇಕು, ಒಂದನ್ನು ಮರೆತರೂ ಎಡವಟ್ಟು. ಒಂದೇ ಪಟ್ಟಿಯಲ್ಲಿಟ್ಟರೆ ಒಂದೇ ಕಡೆ ತಿದ್ದಿದರಾಯಿತು.

ಹಾಗೆಂದು ಹಳೆಯ ಹೆಸರನ್ನು ಅಳಿಸಿ ಹೊಸದನ್ನು ಬರೆದರೂ ಸಾಲದು. 2005ರ ಕಾಗದದಲ್ಲಿ ಗುಲ್ಬರ್ಗ ಎಂದೇ ಇರಬೇಕು, ಅಂದು ಅದೇ ಸತ್ಯ. ಹಾಗಾಗಿ ಪಟ್ಟಿಯಲ್ಲಿ ಹೆಸರಿನ ಜತೆಗೆ ಯಾವ ದಿನಾಂಕದಿಂದ, ಯಾವ ದಿನಾಂಕದವರೆಗೆ ಎಂಬ ಎರಡು ಕಾಲಂ ಬೇಕು. ಜತೆಗೆ ತಾನಾಗಿಯೇ ನಡೆಯುವ ಎರಡು ಚಿಕ್ಕ ಪರೀಕ್ಷೆಗಳೂ ಬೇಕು: ದೋರನಹಳ್ಳಿ, 2005 ಎಂದು ಕೇಳಿದರೆ ಗುಲ್ಬರ್ಗ ಬರಬೇಕು, ದೋರನಹಳ್ಳಿ, 2012 ಎಂದರೆ ಯಾದಗಿರಿ. ಯಾರು ಏನು ತಿದ್ದಿದರೂ ಮೊದಲು ಇವೆರಡೂ ಪಾಸಾಗಬೇಕು.